ಐವತ್ತು ಲಕ್ಷ ಡಾಲರ್‌ಗೆ ‘ಒಲ್ಲೆ’ ಎಂದ ಜೋ

12 ವರ್ಷ, 4 ವಿಶ್ವ ಕಿರೀಟ, ಒಂದು ವರ್ಷವೂ ತಪ್ಪದ ಪ್ಲೇಆಫ್. ಇಷ್ಟಾದ ಮೇಲೂ ‘ಗೆದ್ದು ತೋರಿಸಿ, ಇನ್ನಷ್ಟು ಕೊಡುತ್ತೇವೆ’ ಎಂದ ಮಾಲೀಕರ ಕೈಕುಲುಕಿ ಜೋ ಟೋರಿ ಹೊರಬಿದ್ದರು. ಬೇಸ್‌ಬಾಲ್ ಲೋಕದ ಅತಿ ದುಬಾರಿ ಕುರ್ಚಿ ಅರ್ಧ ಗಂಟೆಯೊಳಗೆ ಖಾಲಿಯಾದ ಕಥೆ ಇದು.

2007ರ ಅಕ್ಟೋಬರ್ 5ರ ರಾತ್ರಿ. ಅಮೆರಿಕದ ಕ್ಲೀವ್‌ಲೆಂಡ್ ನಗರದ ಜೇಕಬ್ಸ್ ಫೀಲ್ಡ್ ಕ್ರೀಡಾಂಗಣ. ಎಂಟನೇ ಇನಿಂಗ್ಸ್ ನಡೆದಿದೆ. ನ್ಯೂಯಾರ್ಕ್ ಯಾಂಕೀಸ್ ತಂಡ 1–0 ಮುಂದಿದೆ. ಚೆಂಡು ಹಿಡಿದು ನಿಂತವನು 22ರ ಹುಡುಗ ಜೋಬಾ ಚೇಂಬರ್ಲೇನ್. ಅವನ ಎಸೆತದ ವೇಗಕ್ಕೆ ಆ ಋತುವಿನಲ್ಲಿ ಬ್ಯಾಟರ್‌ಗಳು ತಬ್ಬಿಬ್ಬಾಗಿದ್ದರು.

ಆಗ ಬಂದವು ನುಸಿಗಳು.

ಪಕ್ಕದ ಈರಿ ಸರೋವರದಿಂದ ಎದ್ದ ನುಸಿಗಳ ದಂಡು ದೀಪದ ಬೆಳಕಿಗೆ ಮುತ್ತಿ, ಅಲ್ಲಿಂದ ಆಟಗಾರರ ಮೇಲೆರಗಿತು. ಜೋಬಾನ ಬೆವೆತ ಕತ್ತಿನ ಹಿಂಭಾಗದಲ್ಲಿ ಕರಿ ಎಳ್ಳು ಚೆಲ್ಲಿದ ಹಾಗೆ ಅಂಟಿಕೊಂಡವು. ಕಿವಿಗೆ ಹೊಕ್ಕವು, ರೆಪ್ಪೆಗೆ ಮೆತ್ತಿದವು. ತಂಡದ ಸಿಬ್ಬಂದಿ ಓಡಿ ಬಂದು ಕೀಟನಿವಾರಕದ ಡಬ್ಬಿಯಿಂದ ಮೈಗೆಲ್ಲ ಸಿಂಪಡಿಸಿದರು. ಒದ್ದೆಯಾದ ಚರ್ಮಕ್ಕೆ ನುಸಿ ಇನ್ನಷ್ಟು ಅಂಟಿತು.

ಹುಡುಗನ ಲಯ ತಪ್ಪಿತು. ಎರಡು ಚೆಂಡು ಕೀಪರ್ ಸ್ಥಾನದ ಕ್ಯಾಚರ್‌ನ ಕೈಗೂ ಸಿಗದೆ ಹಾರಿದವು. ಎದುರಾಳಿಗಳು ಒಂದೂ ಹಿಟ್ ಹೊಡೆಯದೆ ರನ್ ಗಳಿಸಿ ಸಮ ಮಾಡಿಕೊಂಡರು. 11ನೇ ಇನಿಂಗ್ಸ್‌ನಲ್ಲಿ ಕ್ಲೀವ್‌ಲೆಂಡ್ 2–1ರಿಂದ ಗೆದ್ದಿತು. ಅದೇ ನುಸಿಗಳ ನಡುವೆ ಕ್ಲೀವ್‌ಲೆಂಡ್‌ನ ಪಿಚರ್ ಮಾತ್ರ ಏನೂ ಆಗದವನಂತೆ ಎಸೆಯುತ್ತಿದ್ದ ಎಂಬುದನ್ನೂ ಹೇಳಬೇಕು.

ಡಗ್‌ಔಟ್‌ನ ಬೆಂಚಿನಲ್ಲಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದ 67ರ ಜೋ ಟೋರಿ ಇದನ್ನೆಲ್ಲ ನೋಡುತ್ತಿದ್ದರು. ಆ ಹೊತ್ತಿನಲ್ಲಿ ತಂಡವನ್ನು ಮೈದಾನದಿಂದ ಹೊರಗೆ ಕರೆಸಬೇಕಿತ್ತು ಎಂದು ಅವರು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಕರೆಸಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಅವರು ಯಾಂಕೀಸ್‌ನ ಮ್ಯಾನೇಜರ್ ಆಗಿ ಉಳಿದಿರಲಿಲ್ಲ.

ಆದರೆ ಅವರನ್ನು ಯಾರೂ ಕಿತ್ತುಹಾಕಲಿಲ್ಲ. ಹೊಸ ಒಪ್ಪಂದ ಮುಂದಿಟ್ಟರು. ಅವರೇ ಬೇಡ ಎಂದರು.

ಬೆಂಚಿನ ಮೇಲೊಬ್ಬ ನಾಯಕ

ಅಕ್ಟೋಬರ್ ಬಂತೆಂದರೆ ಅಮೆರಿಕದ ಬೇಸ್‌ಬಾಲ್‌ಗೆ ಪ್ಲೇಆಫ್ ಜ್ವರ. ಅದರ ಬೆನ್ನಿಗೇ ಮ್ಯಾನೇಜರ್‌ಗಳ ತಲೆದಂಡದ ಕಾಲ. ಸೋತ ತಂಡದ ಮಾಲೀಕರಿಗೆ ಯಾರನ್ನಾದರೂ ಮನೆಗೆ ಕಳಿಸಬೇಕು. ಇಡೀ ತಂಡವನ್ನು ಕಳಿಸಲಾಗದು, ಒಬ್ಬ ಮ್ಯಾನೇಜರನ್ನು ಕಳಿಸಬಹುದು.

ನಮ್ಮ ಓದುಗರಿಗೆ ಒಂದು ಮಾತು. ಬೇಸ್‌ಬಾಲ್‌ನ ಮ್ಯಾನೇಜರ್ ಎಂದರೆ ಟಿಕೆಟ್, ಹೋಟೆಲ್ ನೋಡಿಕೊಳ್ಳುವವನಲ್ಲ. ಕ್ರಿಕೆಟ್‌ನಲ್ಲಿ ನಾಯಕ ಮೈದಾನದಲ್ಲಿ ನಿಂತು ಮಾಡುವ ತೀರ್ಮಾನವನ್ನೆಲ್ಲ ಇಲ್ಲಿ ಮ್ಯಾನೇಜರ್ ಬೆಂಚಿನಿಂದ ಮಾಡುತ್ತಾನೆ. ಯಾರು ಮೊದಲು ಬ್ಯಾಟ್ ಹಿಡಿಯಬೇಕು, ಪಿಚರನ್ನು ಯಾವಾಗ ಬದಲಿಸಬೇಕು, ಯಾರನ್ನು ವಿಶ್ರಾಂತಿಗೆ ಕೂರಿಸಬೇಕು, ಎಲ್ಲವೂ ಅವನದೇ. ಸೂಟು ತೊಡುವುದಿಲ್ಲ. ಅಜ್ಜನ ವಯಸ್ಸಾಗಿದ್ದರೂ ಆಟಗಾರರ ಸಮವಸ್ತ್ರವನ್ನೇ ಹಾಕಿಕೊಂಡು, ಬೆನ್ನಿಗೆ ಅಂಕಿ ಹೊತ್ತು ಕೂರುತ್ತಾನೆ. ಟೋರಿಯವರದು 6.

ವರ್ಷಕ್ಕೆ 162 ಲೀಗ್ ಪಂದ್ಯ. ಅಷ್ಟು ಆಡಿ, ಗೆದ್ದು, ಪ್ಲೇಆಫ್‌ಗೆ ಬಂದ ಮೇಲೆ ಮೊದಲ ಸುತ್ತು ಆಗ ಬರೀ ಐದು ಪಂದ್ಯದ ಸರಣಿ. ಮೂರು ಸೋತರೆ ಗಂಟುಮೂಟೆ. ಆರು ತಿಂಗಳ ಬೆವರು ಒಂದು ವಾರದಲ್ಲಿ ತೀರ್ಮಾನವಾಗುತ್ತದೆ. ಟೋರಿಯವರ ಮುಂದಿಟ್ಟ ಒಪ್ಪಂದದ ಗುಟ್ಟು ಇದರಲ್ಲೇ ಇದೆ.

ಮಾಲೀಕರ ಬಾಯಿಮಾತು

ಕ್ಲೀವ್‌ಲೆಂಡ್‌ನಲ್ಲಿ ಎರಡು ಪಂದ್ಯ ಸೋತು ತಂಡ ನ್ಯೂಯಾರ್ಕಿಗೆ ಮರಳಿತು. ಮೂರನೇ ಪಂದ್ಯದ ದಿನವೇ ಪತ್ರಿಕೆಯೊಂದರಲ್ಲಿ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಅವರ ಮಾತು ಅಚ್ಚಾಗಿತ್ತು. ಈ ಸರಣಿ ಗೆಲ್ಲದಿದ್ದರೆ ಟೋರಿಯವರನ್ನು ಮತ್ತೆ ತೆಗೆದುಕೊಳ್ಳುವುದು ಅನುಮಾನ ಎಂಬುದು ಅದರ ತಾತ್ಪರ್ಯ. ಬೇಸ್‌ಬಾಲ್‌ನಲ್ಲೇ ಅತಿ ಹೆಚ್ಚು ಸಂಬಳ ಕೊಡುತ್ತಿದ್ದೇವಲ್ಲ ಎಂಬ ಮಾತೂ ಸೇರಿತ್ತು.

ಆ ಪಂದ್ಯವನ್ನು ಯಾಂಕೀಸ್ 8–4ರಿಂದ ಗೆದ್ದಿತು. ಮರುದಿನ, ಅಕ್ಟೋಬರ್ 8ರಂದು, ಟೋರಿ ತಮ್ಮ ಮುಖ್ಯ ಪಿಚರ್ ಚಿಯೆನ್ ಮಿಂಗ್ ವಾಂಗ್‌ಗೆ ಸಾಕಷ್ಟು ವಿಶ್ರಾಂತಿ ಸಿಗುವ ಮೊದಲೇ ಚೆಂಡು ಕೊಟ್ಟರು. ಆತ ಎರಡನೇ ಇನಿಂಗ್ಸ್ ದಾಟಲಿಲ್ಲ. 6–4. ಸರಣಿ ಮುಗಿಯಿತು. ಸತತ ಮೂರನೇ ವರ್ಷ ಮೊದಲ ಸುತ್ತಿನಲ್ಲೇ ಸೋಲು.

ಅಲ್ಲಿಂದ ಹತ್ತು ದಿನ ಏನೂ ಗೊತ್ತಾಗಲಿಲ್ಲ. ಫ್ಲಾರಿಡಾದ ಟ್ಯಾಂಪಾದಲ್ಲಿರುವ ಯಾಂಕೀಸ್ ಕಚೇರಿಯ ಹೊರಗೆ ವರದಿಗಾರರು ಠಿಕಾಣಿ ಹೂಡಿ, ಒಳಗೆ ಹೋಗುವ ಪ್ರತಿ ಕಾರಿನ ಗಾಜಿನೊಳಗೆ ಇಣುಕುತ್ತಿದ್ದರು. ಒಳಗೆ ಸ್ಟೈನ್‌ಬ್ರೆನರ್, ಅವರ ಮಕ್ಕಳಾದ ಹ್ಯಾಂಕ್ ಮತ್ತು ಹಾಲ್, ಅಧ್ಯಕ್ಷ ರ್‍ಯಾಂಡಿ ಲೆವಿನ್, ಜನರಲ್ ಮ್ಯಾನೇಜರ್ ಬ್ರಯಾನ್ ಕ್ಯಾಶ್‌ಮನ್ ಅಳೆದು ತೂಗುತ್ತಿದ್ದರು. ಜಾರ್ಜ್ ಅವರ ಆರೋಗ್ಯ ಆಗಲೇ ಕುಸಿದಿತ್ತು. ಅಧಿಕಾರ ಮಕ್ಕಳ ಕೈಗೆ ಜಾರುತ್ತಿದ್ದ ಕಾಲ ಅದು.

ಕೊಟ್ಟದ್ದೇನು, ಕೊಡದೆ ಬಿಟ್ಟದ್ದೇನು

ಕೊನೆಗೆ ಹೊರಬಂದ ಒಪ್ಪಂದ ಇಷ್ಟು: ಒಂದೇ ವರ್ಷದ ಅವಧಿ. ಖಚಿತ ಸಂಬಳ 50 ಲಕ್ಷ ಡಾಲರ್. ಅದರ ಮೇಲೆ ಮೂರು ಬೋನಸ್. ಪ್ಲೇಆಫ್ ತಲುಪಿದರೆ 10 ಲಕ್ಷ, ಮೊದಲ ಸುತ್ತು ಗೆದ್ದರೆ ಇನ್ನೊಂದು 10 ಲಕ್ಷ, ವರ್ಲ್ಡ್ ಸೀರೀಸ್ ಎಂಬ ಫೈನಲ್ ಸರಣಿಗೆ ಹೋದರೆ ಮತ್ತೊಂದು 10 ಲಕ್ಷ. ಅಲ್ಲಿಯವರೆಗೆ ಹೋದರೆ 2009ಕ್ಕೂ ಕೆಲಸ ತಾನಾಗಿಯೇ ಮುಂದುವರಿಯುತ್ತದೆ, 80 ಲಕ್ಷಕ್ಕೆ.

ಆಗಿನ ದರದಲ್ಲಿ 50 ಲಕ್ಷ ಡಾಲರ್ ಎಂದರೆ ಸುಮಾರು 20 ಕೋಟಿ ರೂಪಾಯಿ. ಆ ಮೊತ್ತಕ್ಕೂ ಟೋರಿಯವರೇ ಬೇಸ್‌ಬಾಲ್‌ನ ಅತಿ ಹೆಚ್ಚು ಸಂಬಳದ ಮ್ಯಾನೇಜರ್ ಆಗಿರುತ್ತಿದ್ದರು. ಅಂಥವರಿಗಾಗಿ ಕಣ್ಣೀರು ಹಾಕಿ ಎಂದು ನಾನು ಕೇಳುವುದಿಲ್ಲ. ಇದು ತ್ಯಾಗದ ಕಥೆಯೂ ಅಲ್ಲ.

ಆದರೂ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2007ರಲ್ಲಿ ಅವರ ಸಂಬಳ 75 ಲಕ್ಷ ಡಾಲರ್. ಹೊಸ ಒಪ್ಪಂದದಲ್ಲಿ ಮೂರನೇ ಒಂದು ಪಾಲು ಕಡಿತ. ಹಿಂದೆ ಸುಮ್ಮನೆ ಸಿಗುತ್ತಿದ್ದ ಮೊತ್ತವನ್ನು ದಾಟಬೇಕಾದರೆ ಮೂರು ಬೋನಸ್ಸೂ ಬರಬೇಕು, ಅಂದರೆ ತಂಡ ವರ್ಲ್ಡ್ ಸೀರೀಸ್ ಆಡಲೇಬೇಕು. ಪ್ಲೇಆಫ್‌ಗೆ ತಂಡವನ್ನು ಕರೆದೊಯ್ಯುವುದು ಅವರು ಹನ್ನೆರಡು ವರ್ಷ ತಪ್ಪದೆ ಮಾಡಿದ ಕೆಲಸ. ಅದಕ್ಕೂ ಈಗ ಬೆಲೆಚೀಟಿ ಅಂಟಿಸಿದ್ದರು. ಮೂಗಿಗೆ ತುಪ್ಪ ಸವರುವುದೆಂದರೆ ಇದೇ.

ಒಪ್ಪಂದದ ಜಾಣತನ ಇನ್ನೊಂದು ಕಡೆ ಇತ್ತು. ನಾಲ್ಕು ಕಪ್ ತಂದ, ಊರೇ ಮೆಚ್ಚಿದ ಮನುಷ್ಯನನ್ನು ಕಿತ್ತರೆ ಅಭಿಮಾನಿಗಳು ಬಿಡುವುದಿಲ್ಲ. ಇಟ್ಟುಕೊಳ್ಳಲು ಮನಸ್ಸಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಪ್ಪಿದರೆ ಸೋವಿಗೆ ಸಿಕ್ಕಂತಾಯಿತು, ಒಪ್ಪದಿದ್ದರೆ ‘ನಾವು ಕೊಟ್ಟೆವು, ಅವರೇ ಹೋದರು’ ಎನ್ನಬಹುದು. ಇದು ನನ್ನ ಓದು. ಲೆವಿನ್ ಅವರು ಸುದ್ದಿಗಾರರಿಗೆ ಹೇಳಿದ್ದು ಬೇರೆ: ಸಾಧನೆಗೆ ತಕ್ಕ ಸಂಬಳ ಎಂಬ ಪದ್ಧತಿಗೆ ಬರುವುದು ತಂಡದ ಹಿತಕ್ಕೆ ಒಳ್ಳೆಯದೆಂದು ತೋಚಿತು.

---

ಒಂದೊಂದೇ ವರ್ಷ, 23 ಸಲ!

ಒಂದು ವರ್ಷದ ಒಪ್ಪಂದ ಎಂದರೇ ಅವಮಾನವೇ? ವಾಲ್ಟರ್ ಆಲ್ಸ್‌ಟನ್ ಅವರನ್ನು ಕೇಳಿದ್ದರೆ ನಗುತ್ತಿದ್ದರು. 1954ರಿಂದ 1976ರವರೆಗೆ ಡಾಡ್ಜರ್ಸ್ ತಂಡದ ಮ್ಯಾನೇಜರ್ ಆಗಿದ್ದ ಅವರು ಸಹಿ ಹಾಕಿದ್ದು ಒಂದೊಂದು ವರ್ಷದ 23 ಒಪ್ಪಂದಗಳಿಗೆ. ಆ ಅವಧಿಯಲ್ಲಿ 4 ಸಲ ವರ್ಲ್ಡ್ ಸೀರೀಸ್ ಗೆದ್ದರು. ಟೋರಿ ಯಾಂಕೀಸ್ ಬಿಟ್ಟು ಸೇರಿದ್ದು ಇದೇ ಡಾಡ್ಜರ್ಸ್ ತಂಡವನ್ನು!

---

ಟ್ಯಾಂಪಾದ ಆ ಭೇಟಿ

ಷರತ್ತುಗಳನ್ನು ಫೋನಿನಲ್ಲಿ ಕೇಳಿದ ಟೋರಿ, ಮುಖಾಮುಖಿ ಮಾತಾಡಬೇಕು ಎಂದರು. ಅಕ್ಟೋಬರ್ 18ರಂದು ಕ್ಯಾಶ್‌ಮನ್ ಜತೆ ವಿಮಾನ ಹತ್ತಿ ಟ್ಯಾಂಪಾಕ್ಕೆ ಹೋದರು.

ಚೌಕಾಸಿ ಮಾಡಲು ಹೋಗಿದ್ದರೇ? ಮಾಡಬಹುದು ಎಂಬ ಆಸೆ ಇತ್ತು. ಎರಡು ವರ್ಷದ ಅವಧಿ ಸಿಕ್ಕರೆ ಆಟಗಾರರ ಮುಂದೆ ತಲೆಯೆತ್ತಿ ನಿಲ್ಲಬಹುದು ಎಂಬುದು ಅವರ ಲೆಕ್ಕ. ಒಂದು ವರ್ಷದ ಮ್ಯಾನೇಜರ್ ಎಂದರೆ ಮೂರು ಪಂದ್ಯ ಸೋತ ಕೂಡಲೇ ಪತ್ರಿಕೆಗಳು ಉತ್ತರಾಧಿಕಾರಿಯ ಹೆಸರು ಬರೆಯತೊಡಗುತ್ತವೆ. 2007ರಲ್ಲಿ ಅದನ್ನು ಅನುಭವಿಸಿದ್ದರು. ಆ ವರ್ಷ ತಂಡ ಮೊದಲ 50 ಪಂದ್ಯಗಳಲ್ಲಿ 29 ಸೋತಿತ್ತು. ದಿನಬೆಳಗಾದರೆ ‘ಇವತ್ತು ಹೋಗುತ್ತಾರಂತೆ’ ಎಂಬ ಸುದ್ದಿ. ಅಲ್ಲಿಂದ ಎದ್ದು 94 ಪಂದ್ಯ ಗೆದ್ದು ಪ್ಲೇಆಫ್ ಸೇರಿದ್ದು ಅವರ ವೃತ್ತಿಯ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂದೇ ನನ್ನ ಎಣಿಕೆ.

ಕೋಣೆಯಲ್ಲಿ ಚೌಕಾಸಿಗೆ ಜಾಗವಿರಲಿಲ್ಲ. ಮುಂದಿಟ್ಟದ್ದೇ ಕೊನೆಯ ಮಾತು ಎಂದು ಗೊತ್ತಾಗಲು ಟೋರಿಯವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲರ ಕೈಕುಲುಕಿದರು. ಹೊರಟರು. ಹನ್ನೆರಡು ವರ್ಷದ ನಂಟು ಮುಗಿಯಲು ಬೇಕಾದದ್ದು ಸುಮಾರು ಇಪ್ಪತ್ತು ನಿಮಿಷ.

ಮರುದಿನ ನ್ಯೂಯಾರ್ಕ್ ಹೊರವಲಯದ ರೈ ಬ್ರೂಕ್‌ನ ಹೋಟೆಲೊಂದರಲ್ಲಿ ಪತ್ರಿಕಾಗೋಷ್ಠಿ. ಯಾಂಕೀಸ್ ಕ್ರೀಡಾಂಗಣದಲ್ಲಲ್ಲ. ಕಚೇರಿಯೇ ಇಲ್ಲದವರು ಹೋಟೆಲ್ ಹಾಲ್ ಹಿಡಿಯಲೇಬೇಕಲ್ಲ! ಕಿಕ್ಕಿರಿದ ಸುದ್ದಿಗಾರರ ಮುಂದೆ ಬಹಳ ಹೊತ್ತು ಮಾತಾಡಿದರು. ಸ್ಟೈನ್‌ಬ್ರೆನರ್ ಬಗ್ಗೆ ಕೃತಜ್ಞತೆಯನ್ನೇ ಹೇಳಿದರು. ಆದರೆ ಬೋನಸ್ ವಿಷಯ ಬಂದಾಗ ಬಳಸಿದ ಪದ ‘ಅವಮಾನ’. ಅಕ್ಟೋಬರ್‌ನಲ್ಲಿ ಗೆಲ್ಲಲು ತಮಗೆ ಹಣದ ಪ್ರಚೋದನೆ ಬೇಕು ಎಂದು ಯಾರಿಗಾದರೂ ಅನ್ನಿಸಿದ್ದರೆ, ಹನ್ನೆರಡು ವರ್ಷ ಅವರು ತಮ್ಮನ್ನು ನೋಡಿಯೇ ಇಲ್ಲ ಎಂಬುದು ಅವರ ವಾದದ ತಿರುಳು.

ಹ್ಯಾಂಕ್ ಸ್ಟೈನ್‌ಬ್ರೆನರ್ ಸುಮ್ಮನಿರಲಿಲ್ಲ. 1995ರಲ್ಲಿ ನಮ್ಮಪ್ಪ ಕರೆಯುವ ಮೊದಲು ಇವರು ಎಲ್ಲಿದ್ದರು ಎಂಬರ್ಥದಲ್ಲಿ ಕುಟುಕಿದರು. ಮಾತು ಒರಟು. ಆದರೆ ಪ್ರಶ್ನೆ ಸುಳ್ಳಲ್ಲ.

ಇನ್ನೊಬ್ಬರ ‘ಒಲ್ಲೆ’ಯಿಂದ ಸಿಕ್ಕ ಕುರ್ಚಿ

1995ರ ಅಕ್ಟೋಬರ್ 8ರಂದು (ತಾರೀಖು ಗಮನಿಸಿ) ಯಾಂಕೀಸ್ ಇದೇ ಮೊದಲ ಸುತ್ತಿನಲ್ಲಿ ಸಿಯಾಟಲ್ ಎದುರು ಸೋತಿತ್ತು. ಆಗ ಮ್ಯಾನೇಜರ್ ಆಗಿದ್ದವರು ಬಕ್ ಶೋವಾಲ್ಟರ್. ಅವರಿಗೂ ಸ್ಟೈನ್‌ಬ್ರೆನರ್ ಒಪ್ಪಂದ ಕೊಟ್ಟರು. ಎರಡು ವರ್ಷ, ಸುಮಾರು 10 ಲಕ್ಷ ಡಾಲರ್. ಜತೆಗೊಂದು ಷರತ್ತು: ಬ್ಯಾಟಿಂಗ್ ತರಬೇತುದಾರನನ್ನು ಬದಲಿಸಬೇಕು. ತಮ್ಮ ಜತೆಗಾರನನ್ನು ಬಲಿಕೊಡಲು ಶೋವಾಲ್ಟರ್ ಒಪ್ಪಲಿಲ್ಲ. ಹೊರನಡೆದರು.

ಖಾಲಿಯಾದ ಆ ಕುರ್ಚಿಗೆ ಬಂದವರು ಟೋರಿ.

ಆಗ ಅವರಿಗೆ 55. ಆಟಗಾರನಾಗಿ ದೊಡ್ಡ ಹೆಸರು. 1971ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ .363 ಸರಾಸರಿಯಲ್ಲಿ ಬ್ಯಾಟ್ ಬೀಸಿ ನ್ಯಾಷನಲ್ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡಿದ್ದರು. ಮ್ಯಾನೇಜರ್ ಆಗಿ? ಮೆಟ್ಸ್ ಹೊರಹಾಕಿತ್ತು, ಬ್ರೇವ್ಸ್ ಹೊರಹಾಕಿತ್ತು, ಆ ವರ್ಷ ಜೂನ್‌ನಲ್ಲಿ ಕಾರ್ಡಿನಲ್ಸ್ ಕೂಡ ಹೊರಹಾಕಿತ್ತು. ಗೆದ್ದದ್ದು 894, ಸೋತದ್ದು 1,003. ಆಟಗಾರ, ಮ್ಯಾನೇಜರ್ ಎರಡೂ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಪಂದ್ಯ ಕಂಡಿದ್ದರೂ ವರ್ಲ್ಡ್ ಸೀರೀಸ್ ಅಂಗಳ ತುಳಿದಿರಲಿಲ್ಲ. ನೇಮಕವಾದ ಬೆನ್ನಿಗೇ ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆ ‘ಏನೂ ಅರಿಯದ ಜೋ’ ಎಂಬರ್ಥದ ತಲೆಬರಹ ಕೊಟ್ಟು ಸ್ವಾಗತಿಸಿತು.

ಪತ್ರಿಕೆಗೆ ತಿಳಿಯದೆ ಹೋದದ್ದು ಆ ಮನುಷ್ಯನ ಸ್ವಭಾವ. ಬ್ರೂಕ್ಲಿನ್‌ನ ಮನೆಯಲ್ಲಿ ಟೋರಿ ಕಿರಿಯ ಮಗ. ಅಪ್ಪ ಪೊಲೀಸ್ ಪತ್ತೇದಾರ. ಹೆಂಡತಿಯ ಮೇಲೆ ಕೈಮಾಡುವ, ಮನೆಯನ್ನು ಹೆದರಿಕೆಯಲ್ಲೇ ಇಡುವ ಗಂಡಸು. ಮನೆ ಮುಂದೆ ಅಪ್ಪನ ಕಾರು ನಿಂತಿದ್ದರೆ ಹುಡುಗ ಒಳಗೆ ಹೋಗುತ್ತಿರಲಿಲ್ಲ, ಗೆಳೆಯನ ಮನೆಗೆ ತಿರುಗುತ್ತಿದ್ದ. ಇದನ್ನು ಟೋರಿ ದೊಡ್ಡವರಾದ ಮೇಲೆ ತಾವೇ ಬಹಿರಂಗವಾಗಿ ಹೇಳಿಕೊಂಡರು. 2002ರಲ್ಲಿ ಪತ್ನಿ ಆಲಿಯವರೊಂದಿಗೆ ‘ಸೇಫ್ ಅಟ್ ಹೋಮ್’ ಪ್ರತಿಷ್ಠಾನ ಕಟ್ಟಿ, ಮನೆಯ ಹಿಂಸೆ ಕಂಡ ಮಕ್ಕಳಿಗೆ ಶಾಲೆಗಳಲ್ಲೇ ಆಸರೆಯ ಕೋಣೆಗಳನ್ನು ತೆರೆಸಿದರು. ಆ ಕೋಣೆಗಳಿಗೆ ಇಟ್ಟದ್ದು ತಾಯಿ ಮಾರ್ಗರೆಟ್ ಹೆಸರು.

ಸಿಟ್ಟಿನ ಯಜಮಾನನ ಮುಂದೆ ಉಸಿರು ಹಿಡಿದು ಬದುಕುವುದನ್ನು ಬಾಲ್ಯದಲ್ಲೇ ಕಲಿತವನಿಗೆ ಸ್ಟೈನ್‌ಬ್ರೆನರ್ ದೊಡ್ಡ ಸವಾಲು ಅನ್ನಿಸಿರಲಿಕ್ಕಿಲ್ಲ. ಮಾಲೀಕರು ಫೋನಿನಲ್ಲಿ ಗುಡುಗಿದರೆ ಟೋರಿ ಕೇಳಿಸಿಕೊಳ್ಳುತ್ತಿದ್ದರು, ಆ ಗುಡುಗು ಆಟಗಾರರ ಕೋಣೆಗೆ ತಲುಪದಂತೆ ನೋಡಿಕೊಳ್ಳುತ್ತಿದ್ದರು. ಬೆಂಚಿನಲ್ಲಿ ಅವರ ಮುಖ ನೋಡಿ ತಂಡ ಗೆಲ್ಲುತ್ತಿದೆಯೋ ಸೋಲುತ್ತಿದೆಯೋ ಹೇಳಲಾಗುತ್ತಿರಲಿಲ್ಲ.

---

ಮಾಲೀಕರೆಂದರೆ ಇಂಥ ಮಾಲೀಕರು

- ಜಾರ್ಜ್ ಸ್ಟೈನ್‌ಬ್ರೆನರ್ ಮುಂದಾಳತ್ವದ ಗುಂಪು ಯಾಂಕೀಸ್ ತಂಡವನ್ನು ಕೊಂಡದ್ದು 1973ರಲ್ಲಿ. ಮೊದಲ 23 ಋತುಗಳಲ್ಲಿ 20 ಸಲ ಮ್ಯಾನೇಜರ್ ಬದಲಾದರು.
- ಬಿಲಿ ಮಾರ್ಟಿನ್ ಒಬ್ಬರನ್ನೇ 5 ಸಲ ನೇಮಿಸಿದರು.
- 1985ರಲ್ಲಿ ಯಾಂಕೀಸ್‌ನ ಮನೆದೇವರಂತಿದ್ದ ಯೋಗಿ ಬೆರ್ರಾ ಅವರನ್ನು 16 ಪಂದ್ಯಕ್ಕೆ ಕಿತ್ತರು. ತಾವೇ ಹೇಳಲಿಲ್ಲ, ಬೇರೆಯವರ ಕೈಲಿ ಹೇಳಿಕಳಿಸಿದರು. ನೊಂದ ಬೆರ್ರಾ 14 ವರ್ಷ ಯಾಂಕೀಸ್ ಕ್ರೀಡಾಂಗಣದ ಕಡೆ ತಲೆಹಾಕಲಿಲ್ಲ.
- ಅಂಥ ಮನೆಯಲ್ಲಿ ಟೋರಿ 12 ವರ್ಷ ಉಳಿದರು.

---

ಏರಿದ್ದು, ಇಳಿದದ್ದು

1996. ಮೊದಲ ವರ್ಷ. ಜೂನ್‌ನಲ್ಲಿ ಅಣ್ಣ ರಾಕೊ ಹೃದಯಾಘಾತದಿಂದ ತೀರಿಕೊಂಡರು. ಇನ್ನೊಬ್ಬ ಅಣ್ಣ, ತಾನೂ ಬೇಸ್‌ಬಾಲ್ ಆಡಿದ ಫ್ರ್ಯಾಂಕ್, ಬದಲಿ ಹೃದಯಕ್ಕಾಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದರು. ವರ್ಲ್ಡ್ ಸೀರೀಸ್‌ನ ಮೊದಲ ಎರಡು ಪಂದ್ಯಗಳನ್ನು ತವರಿನಲ್ಲೇ ಅಟ್ಲಾಂಟಾ ಬ್ರೇವ್ಸ್‌ಗೆ ಒಪ್ಪಿಸಿದ ಯಾಂಕೀಸ್, ಅಟ್ಲಾಂಟಾದಲ್ಲಿ ಮೂರಕ್ಕೆ ಮೂರೂ ಗೆದ್ದು ಬಂತು. ಅಕ್ಟೋಬರ್ 25ರಂದು ಫ್ರ್ಯಾಂಕ್‌ಗೆ ಹೃದಯ ಕಸಿ. 26ರ ರಾತ್ರಿ ಯಾಂಕೀಸ್‌ಗೆ ಕಪ್. ಸಿನಿಮಾದಲ್ಲಿ ಹೀಗೆ ಬರೆದರೆ ನಿರ್ದೇಶಕರು ‘ಅತಿಯಾಯಿತು’ ಎನ್ನುತ್ತಾರೆ.

ಆಮೇಲೆ 1998, 1999, 2000. ಸತತ ಮೂರು ಕಪ್. 1998ರ ತಂಡ ಲೀಗ್‌ನಲ್ಲೇ 114 ಪಂದ್ಯ ಗೆದ್ದಿತು. 1999ರ ಆರಂಭದಲ್ಲಿ ಟೋರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿಸಿ ಮೇ ತಿಂಗಳಲ್ಲಿ ಮತ್ತೆ ಬೆಂಚಿಗೆ ಬಂದರು. ಡೆರೆಕ್ ಜೀಟರ್, ಮರಿಯಾನೊ ರಿವೇರಾ, ಜಾರ್ಜ್ ಪೊಸಾಡಾ, ಆ್ಯಂಡಿ ಪೆಟಿಟ್ ಅವರಂಥ ಹುಡುಗರು ಅವರ ಕೈಕೆಳಗೆ ದಂತಕಥೆಗಳಾದರು.

ಇಳಿಜಾರನ್ನೂ ಹೇಳದಿದ್ದರೆ ಯಾಂಕೀಸ್ ಆಡಳಿತಕ್ಕೆ ಅನ್ಯಾಯ. 2001ರಲ್ಲಿ ಅರಿಜೋನಾ ಎದುರು ಏಳನೇ ಪಂದ್ಯದ ಕೊನೆಯ ಇನಿಂಗ್ಸ್‌ನಲ್ಲಿ ಕಪ್ ಕೈಜಾರಿತು. 2003ರಲ್ಲಿ ಫ್ಲಾರಿಡಾ ಎದುರು ಸೋಲು. 2004ರಲ್ಲಂತೂ ಬದ್ಧವೈರಿ ಬಾಸ್ಟನ್ ರೆಡ್ ಸಾಕ್ಸ್ ಎದುರು 3–0 ಮುಂದಿದ್ದು, ಉಳಿದ ನಾಲ್ಕನ್ನೂ ಸೋತರು. ಪ್ಲೇಆಫ್ ಇತಿಹಾಸದಲ್ಲಿ ಅದಕ್ಕೆ ಮೊದಲು ಹಾಗೆ ಯಾರೂ ಸೋತಿರಲಿಲ್ಲ. ಆ ನಾಲ್ಕರಿಂದ ಹಿಡಿದು 2007ರವರೆಗೆ ಲೆಕ್ಕ ಹಾಕಿದರೆ ಪ್ಲೇಆಫ್‌ನ 17 ಪಂದ್ಯಗಳಲ್ಲಿ 13 ಸೋಲು. ಆಟಗಾರರ ಸಂಬಳಕ್ಕೆ ಯಾಂಕೀಸ್ ಬೇರೆಲ್ಲರಿಗಿಂತ ಹೆಚ್ಚು, 2007ರಲ್ಲಿ 19 ಕೋಟಿ ಡಾಲರ್ ಆಸುಪಾಸು, ಸುರಿಯುತ್ತಿತ್ತು. ಅಷ್ಟು ದುಡ್ಡು ಹಾಕಿದವರಿಗೆ ‘ಪ್ಲೇಆಫ್‌ವರೆಗೆ ಬಂದೆವಲ್ಲ’ ಎಂಬ ಸಮಾಧಾನ ಸಾಲದು.

ಹಾಗಾದರೆ ಕಳಿಸಿಬಿಡಬಹುದಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಬದಲಾವಣೆಗೆ ಕಾಲ ಕೂಡಿಬಂದಿದೆ ಎಂದು ನೇರವಾಗಿ ಹೇಳಿದ್ದರೆ ಟೋರಿಯೂ ತಲೆಬಾಗುತ್ತಿದ್ದರು, ಊರೂ ಬೀಳ್ಕೊಡುತ್ತಿತ್ತು. ಮಾಡಿದ್ದು ಬೇರೆ. ನುಸಿಯ ದಂಡು ಕೆಡಿಸಬಲ್ಲ ಐದು ಪಂದ್ಯದ ಸರಣಿಗೆ 10 ಲಕ್ಷದ ಬೋನಸ್ ಕಟ್ಟಿ, ಸೋಲಿಗೆ ಕಾರಣ ಮ್ಯಾನೇಜರ್‌ನ ಆಸೆ ಬತ್ತಿದ್ದು ಎಂದು ಕಾಗದದ ಮೇಲೆ ಬರೆದುಕೊಟ್ಟರು. ಆಲ್ಸ್‌ಟನ್ ಅವರ 23 ಒಪ್ಪಂದಗಳಿಗೂ ಇದಕ್ಕೂ ಇರುವ ಅಂತರ ಇದೇ. ಅಲ್ಲಿ ವರ್ಷವರ್ಷವೂ ನಂಬಿಕೆ ಹೊಸದಾಗುತ್ತಿತ್ತು. ಇಲ್ಲಿ ಅನುಮಾನಕ್ಕೆ ಬೆಲೆ ಕಟ್ಟಿದ್ದರು.

ಕಡಿಮೆ ದುಡ್ಡಿಗೆ ಹೊಸ ಊರು

ಟೋರಿ ಮನೆಯಲ್ಲಿ ಕೂರಲಿಲ್ಲ. ಎರಡು ವಾರದಲ್ಲಿ, ನವೆಂಬರ್ 1ರಂದು, ಲಾಸ್ ಏಂಜಲೀಸ್ ಡಾಡ್ಜರ್ಸ್ ಅವರನ್ನು ನೇಮಿಸಿತು. ಮೂರು ವರ್ಷಕ್ಕೆ 1.3 ಕೋಟಿ ಡಾಲರ್. ಭಾಗಿಸಿ ನೋಡಿ. ವರ್ಷಕ್ಕೆ ಸುಮಾರು 43 ಲಕ್ಷ. ಯಾಂಕೀಸ್‌ನ ಖಚಿತ ಸಂಬಳಕ್ಕಿಂತಲೂ ಕಡಿಮೆ! ದುಡ್ಡಿಗಾಗಿ ಮುನಿಸಿಕೊಂಡರು ಎಂದವರ ಬಾಯಿಗೆ ಈ ಭಾಗಾಕಾರವೇ ಬೀಗ ಹಾಕಬೇಕಿತ್ತು. ಆದರೆ ಮೂರು ವರ್ಷ ಎಂಬುದು ಮೂರು ವರ್ಷವೇ. ಒಂದು ಕೆಟ್ಟ ವಾರಕ್ಕೆ ಹೆದರಬೇಕಿರಲಿಲ್ಲ.

ಯಾಂಕೀಸ್ ಕುರ್ಚಿಗೆ ಬಂದವರು ಟೋರಿಯವರ ಶಿಷ್ಯರೇ ಆದ ಜೋ ಜಿರಾರ್ಡಿ. ಅದೇ ಕುರ್ಚಿಗೆ ಆಸೆಪಟ್ಟಿದ್ದ ಇನ್ನೊಬ್ಬ ಶಿಷ್ಯ ಡಾನ್ ಮ್ಯಾಟಿಂಗ್ಲಿ ಗುರುವಿನ ಜತೆ ಪಶ್ಚಿಮ ತೀರಕ್ಕೆ ಹೊರಟರು.

2008ರಲ್ಲಿ ಯಾಂಕೀಸ್ ಪ್ಲೇಆಫ್ ತಲುಪಲಿಲ್ಲ. ಟೋರಿಯವರ ಡಾಡ್ಜರ್ಸ್ ತಲುಪಿತು, ಮೊದಲ ಸುತ್ತನ್ನು 3–0ಯಿಂದ ಗೆದ್ದಿತು ಕೂಡ. ಟೋರಿ ಬೆಂಬಲಿಗರು ಮೀಸೆ ತಿರುವಿದರು. ಮರುವರ್ಷ ಅವರ ಮೀಸೆ ಮಣ್ಣಾಯಿತು. ಬೆನ್ನಿಗೆ 27 ಹಾಕಿಕೊಂಡು 27ನೇ ಕಪ್ಪಿನ ಬೆನ್ನುಹತ್ತಿದ್ದ ಜಿರಾರ್ಡಿ 2009ರಲ್ಲಿ ಅದನ್ನು ಗೆದ್ದೇಬಿಟ್ಟರು. ಫೈನಲ್‌ನಲ್ಲಿ ಯಾಂಕೀಸ್ ಸೋಲಿಸಿದ್ದು ಫಿಲಡೆಲ್ಫಿಯಾವನ್ನು. ಅದಕ್ಕೆ ಮುಂಚಿನ ಸುತ್ತಿನಲ್ಲಿ ಫಿಲಡೆಲ್ಫಿಯಾ ಕೈಲಿ ಸೋತದ್ದು ಟೋರಿಯವರ ಡಾಡ್ಜರ್ಸ್. ಒಂದೇ ಸುತ್ತಿನ ಅಂತರದಲ್ಲಿ ಹಳೆಯ ಯಜಮಾನರೂ ಹಳೆಯ ಮ್ಯಾನೇಜರೂ ಎದುರುಬದುರಾಗುವುದು ತಪ್ಪಿತು. ಆದ್ದರಿಂದ ಯಾರ ತೀರ್ಮಾನ ಸರಿ ಎಂದು ಕಪ್ ಎಣಿಸಿ ಹೇಳಹೊರಟರೆ ದಾರಿ ತಪ್ಪುತ್ತದೆ.

ಮುನಿಸು ಮಾತ್ರ ಕೆಲಕಾಲ ಎರಡೂ ಕಡೆ ಉಳಿಯಿತು. 2008ರ ಸೆಪ್ಟೆಂಬರ್‌ನಲ್ಲಿ ಹಳೆಯ ಯಾಂಕೀಸ್ ಕ್ರೀಡಾಂಗಣದ ಕೊನೆಯ ಪಂದ್ಯದ ಸಮಾರಂಭದಲ್ಲಿ ಟೋರಿ ಹೆಸರನ್ನೇ ಎತ್ತಲಿಲ್ಲ. 2009ರಲ್ಲಿ ಟೋರಿ, ಪತ್ರಕರ್ತ ಟಾಮ್ ವರ್ಡುಚಿ ಜತೆ ‘ದಿ ಯಾಂಕೀ ಇಯರ್ಸ್’ ಎಂಬ ಪುಸ್ತಕ ತಂದು ಕ್ಯಾಶ್‌ಮನ್ ಬಗ್ಗೆ, ಕೆಲವು ಆಟಗಾರರ ಬಗ್ಗೆ ಮನಸ್ಸಿನಲ್ಲಿದ್ದುದನ್ನು ಕಕ್ಕಿದರು. ಡ್ರೆಸಿಂಗ್ ರೂಮಿನ ಗುಟ್ಟು ಕಾಯುವುದೇ ಧರ್ಮ ಎಂದಿದ್ದ ಮನುಷ್ಯ ಹೀಗೆ ಮಾಡಬಾರದಿತ್ತು ಎಂದವರು ಬಹಳ. ನಾನೂ ಅವರ ಕಡೆಗೇ.

2010ರ ಜುಲೈ 13ರಂದು ಸ್ಟೈನ್‌ಬ್ರೆನರ್ ತೀರಿಕೊಂಡರು. ಆ ಸೆಪ್ಟೆಂಬರ್ 20ರಂದು ಹೊಸ ಕ್ರೀಡಾಂಗಣದಲ್ಲಿ ಅವರ ಸ್ಮಾರಕ ಫಲಕದ ಅನಾವರಣ. ಟೋರಿ ಬಂದರು. ಮೂರು ವರ್ಷದ ನಂತರ ಯಾಂಕೀಸ್ ಅಂಗಳಕ್ಕೆ ಅವರ ಮೊದಲ ಕಾಲು.

2014ರ ಜುಲೈ 27ರಂದು ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರುವಾಗ ಟೋರಿ ಎಲ್ಲರನ್ನೂ ನೆನೆದರು. ಒಬ್ಬರ ಹೆಸರು ಬಿಟ್ಟುಹೋಯಿತು. ಜಾರ್ಜ್ ಸ್ಟೈನ್‌ಬ್ರೆನರ್! ಇಳಿದು ಬಂದ ಮೇಲೆ ತಿಳಿದು, ತಲೆ ಚಚ್ಚಿಕೊಳ್ಳುವಷ್ಟು ಪೇಚಾಡಿ, ಕ್ಷಮೆ ಕೇಳಿದರು. ಬೇಕೆಂದೇ ಬಿಟ್ಟರು ಎಂದು ನಂಬುವವರು ಇಂದಿಗೂ ಇದ್ದಾರೆ. ಆದರೆ ಸೇಡು ತೀರಿಸಿಕೊಳ್ಳಲು ಬಂದವರು ಅಷ್ಟು ಪೇಚಾಡುವುದಿಲ್ಲ.

ಅದೇ ವರ್ಷ ಆಗಸ್ಟ್ 23ರಂದು ಯಾಂಕೀಸ್ 6ನೇ ಅಂಕಿಯನ್ನು ಟೋರಿ ಗೌರವಾರ್ಥ ಶಾಶ್ವತವಾಗಿ ಎತ್ತಿಟ್ಟಿತು. 2017ರಲ್ಲಿ ಜೀಟರ್ ಅವರ 2 ಕೂಡ ಎತ್ತಿಟ್ಟ ಮೇಲೆ, 1ರಿಂದ 9ರವರೆಗಿನ ಯಾವ ಅಂಕಿಯನ್ನೂ ಇನ್ನು ಯಾವ ಯಾಂಕೀಸ್ ಆಟಗಾರನೂ ತೊಡುವಂತಿಲ್ಲ. ಆ ಒಂಬತ್ತರಲ್ಲಿ 1 ಬಿಲಿ ಮಾರ್ಟಿನ್ ಅವರದು, 6 ಟೋರಿಯವರದು, 8 ಯೋಗಿ ಬೆರ್ರಾ ಮತ್ತು ಬಿಲ್ ಡಿಕಿ ಇಬ್ಬರದು. ಒಬ್ಬರನ್ನು ಐದು ಸಲ ಕರೆದು ಐದು ಸಲವೂ ಕಳೆದುಕೊಂಡ, ಒಬ್ಬರನ್ನು 16 ಪಂದ್ಯಕ್ಕೆ ಕಿತ್ತ, ಒಬ್ಬರಿಗೆ ಬೋನಸ್ ತೋರಿಸಿದ ಮಾಲೀಕರ ಫಲಕವೂ ಅದೇ ಕ್ರೀಡಾಂಗಣದಲ್ಲಿದೆ. ಅಲ್ಲಿರುವ ಎಲ್ಲ ಫಲಕಗಳಿಗಿಂತ ದೊಡ್ಡದು ಅದೇ.